ಹಲ್ಲಿನ ಹುಳುಕು: ಹಂಗಾಮಿಗೆ ಮುಂಚೆಯೇ ತೋರಿಸಿಕೊಳ್ಳಿರಿ



ಈ ಪುಟದಲ್ಲಿ ಪ್ರತಿಸಲ ಬೀಜ, ಗೊಬ್ಬರ, ನೀರಿನ ವಿಷಯ ಓದುತ್ತೀರಿ. ಈ ಸಲ ಹಲ್ಲಿನ ವಿಷಯ. ಕಬ್ಬಿನ ಅಧಿಕಾರಿಗೆ ಹಲ್ಲಿನ ಗೊಡವೆ ಏಕೆಂದು ಕೇಳಬಹುದು. ಹಂಗಾಮು ಬಂತೆಂದರೆ ಗಲ್ಲ ಬಾತು, ಟಾವೆಲ್ ಸುತ್ತಿಕೊಂಡು ಗಟ ಕಚೇರಿಗೆ ಬರುವವರನ್ನು ಪ್ರತಿವರ್ಷ ನೋಡುತ್ತೇವೆ. "ಕಬ್ಬು ಹೋಗಲಿ, ಆಮೇಲೆ ಸೊಲ್ಲಾಪುರಕ್ಕೆ ಹೋಗುತ್ತೇನೆ" ಎನ್ನುತ್ತಾರೆ. ಆಮೇಲೆ ನೋವು ತಾನೇ ನಿಲ್ಲುತ್ತದೆ, ಹೋಗುವುದೂ ನಿಲ್ಲುತ್ತದೆ.

ನೋವು ನಿಂತರೆ ರೋಗ ನಿಂತಿತೆಂದಲ್ಲ. ಕೆಂಪು ಕೊಳೆ ಹತ್ತಿದ ಕಬ್ಬನ್ನು ತಾವು ಬಲ್ಲಿರಿ. ಮೊದಮೊದಲು ಹೊರಗೆ ಏನೂ ಕಾಣದು. ಸೀಳಿದರೆ ಒಳಗೆ ಕೆಂಪು, ನಡುನಡುವೆ ಬಿಳಿ ಪಟ್ಟೆ, ಹುಳಿ ವಾಸನೆ. ಹಲ್ಲಿನದೂ ಹಾಗೆಯೇ. ಬಾಯಿಯಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆ ತಿಂದು ಆಮ್ಲ ಮಾಡುತ್ತವೆ, ಆ ಆಮ್ಲ ಹಲ್ಲಿನ ಗಟ್ಟಿ ಹೊದಿಕೆಯನ್ನು ಕರಗಿಸುತ್ತದೆ. (ನಾವು ತಯಾರಿಸುವ ಮಾಲೇ ಅವುಗಳ ಆಹಾರ, ಸಕ್ಕರೆ ಕಾರಖಾನೆಯ ಪತ್ರಿಕೆಯಾದರೂ ಇದನ್ನು ಮುಚ್ಚಿಡಲಾಗದು. ಊಟದ ಜೊತೆ ಒಮ್ಮೆ ಹೋಳಿಗೆ ಉಂಡವನಿಗಿಂತ ದಿನಕ್ಕೆ ಎಂಟು ಸಲ ಸಿಹಿ ಚಹಾ ಕುಡಿಯುವವನ ಹಲ್ಲಿಗೆ ಕೇಡು ಹೆಚ್ಚು.) ತೂತು ಮೇಲ್ಹೊದಿಕೆಯಲ್ಲಿರುವಾಗ ನೋವೇ ಇರುವುದಿಲ್ಲ. ಕೆಳಗಿಳಿದಾಗ ತಣ್ಣೀರು ತಾಕಿದರೆ ಜುಮ್ಮೆನ್ನುತ್ತದೆ. ನರಕ್ಕೆ ಮುಟ್ಟಿದಾಗ ರಾತ್ರಿಯೆಲ್ಲ ನಿದ್ದೆಯಿಲ್ಲ. ನರ ಸತ್ತ ಮೇಲೆ ನೋವು ನಿಲ್ಲುತ್ತದೆ, ಆದರೆ ಬೇರಿನ ತುದಿಯಲ್ಲಿ ಕೀವು ಕೂಡುತ್ತಲೇ ಇರುತ್ತದೆ.

ಇನ್ನು ದಾರಿಯ ಲೆಕ್ಕ. ಸಣ್ಣ ತೂತಿಗೆ ಸಿಮೆಂಟು ತುಂಬಿಸಲು ಸಾಮಾನ್ಯವಾಗಿ ಒಂದೇ ಸಲ ಹೋದರೆ ಸಾಕು. ನರಕ್ಕೆ ಮುಟ್ಟಿದ್ದಕ್ಕೆ ರೂಟ್ ಕೆನಾಲ್ ಬೇಕು. ಅದಕ್ಕೆ ಅನೇಕ ವೇಳೆ ಎರಡು ಮೂರು ಸಲ, ಮೇಲೆ ಟೊಪ್ಪಿಗೆ ಕೂಡ್ರಿಸಲು ಮತ್ತೆ ಹೋಗಬೇಕು. ಪಟ್ಟಣದವನಿಗೆ ಅದು ಸಂಜೆಯ ಕೆಲಸ. ನಮಗೆ ಪ್ರತಿಸಲ ಒಂದು ದಿನ, ಬಸ್ಸಿನ ಖರ್ಚು, ನೀರಿನ ಪಾಳಿ ತಪ್ಪುವುದು. ಅದಕ್ಕೆಂದೇ ನಮ್ಮವರು ನಡುವೆ ಬಿಟ್ಟುಬಿಡುತ್ತಾರೆ, ಇಲ್ಲವೆ "ಕಿತ್ತುಹಾಕಿ ಬಿಡಿರಿ" ಎನ್ನುತ್ತಾರೆ. ಬಡವನ ದವಡೆ ಬರಿದಾಗುವುದು ಹೀಗೆ, ಅಲಕ್ಷ್ಯದಿಂದಲ್ಲ. ಮೆಡಿಕಲ್ ಅಂಗಡಿಯ ನೋವಿನ ಗುಳಿಗೆ ದಿನಾ ನುಂಗುತ್ತ ಹಂಗಾಮು ಕಳೆಯುವುದಂತೂ ಬೇಡ, ಮೂತ್ರಪಿಂಡಕ್ಕೆ ಪೆಟ್ಟು.

ಎಲ್ಲಿ ತೋರಿಸಬೇಕು? ತಾಲೂಕಿನ ಸರಕಾರಿ ಆಸ್ಪತ್ರೆಯಲ್ಲಿ ದಂತ ವೈದ್ಯರಿದ್ದಾರೆಯೇ, ಯಾವ ವಾರ ಕೂಡ್ರುತ್ತಾರೆ ಎಂದು ಮೊದಲು ಕೇಳಿರಿ. ಅಲ್ಲಿ ಆಗದಿದ್ದರೆ ದಂತ ಮಹಾವಿದ್ಯಾಲಯ. ವಿದ್ಯಾರ್ಥಿಗಳು ಕೆಲಸ ಮಾಡುತ್ತಾರೆ, ಹಿಂದೆ ಅವರ ಗುರುಗಳು ನಿಂತಿರುತ್ತಾರೆ. ಹೊತ್ತು ಹಿಡಿಯುತ್ತದೆ, ಹಣ ಕಡಿಮೆ. ಅಕ್ಕಲಕೋಟೆಯ ಸದಸ್ಯರಿಗೆ ಸೊಲ್ಲಾಪುರ, ಕಲಬುರ್ಗಿ ಎರಡೂ ಒಂದೇ ರೈಲು ದಾರಿಯಲ್ಲಿವೆ. ಮಕ್ಕಳಿಗಾದರೆ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೇ ಬಂದು ಹಲ್ಲನ್ನೂ ನೋಡುತ್ತದೆ. ಆ ದಿನ ಮಗುವನ್ನು ಹೊಲಕ್ಕೆ ಕರೆದೊಯ್ಯಬೇಡಿರಿ.

ಮಿಶ್ರಿ ತಿಕ್ಕುವ ತಾಯಂದಿರು, ತಂಬಾಕು ಸುಣ್ಣ ಇಡುವವರು ಇನ್ನೊಂದು ಮಾತು ಕೇಳಬೇಕು. ಮಹಾರಾಷ್ಟ್ರದಲ್ಲಿ 2012ರಲ್ಲೇ ಗುಟ್ಕಾ ನಿಷೇಧವಾಯಿತು, ಚಟ ನಿಷೇಧವಾಗಲಿಲ್ಲ. ಬಾಯಿಯಲ್ಲಿ ಬಿಳಿ ಇಲ್ಲವೆ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಮೂರು ಬೆರಳು ನಿಲ್ಲಿಸಿ ಇಡುವಷ್ಟು ಬಾಯಿ ತೆರೆಯದಿರುವುದು, ಇವುಗಳಲ್ಲಿ ಒಂದಿದ್ದರೂ ಹಂಗಾಮು ನೋಡದೆ ಹೊರಡಿರಿ. ಇದರಲ್ಲಿ ಮೊದಲು ನೋವಿರದೇ ಇರಬಹುದು.

ನಮ್ಮ ಗಟ ಕಚೇರಿಗಳಲ್ಲಿ ಒಂದೊಂದು ವಹಿ ಇಡಲಾಗುವುದು. ಹೆಸರು ಬರೆಯಿಸಿರಿ. ಒಂದು ಊರಿನಿಂದ ಹತ್ತು ಜನರಾದರೆ ಒಂದೇ ಗಾಡಿಯಲ್ಲಿ, ಒಂದೇ ದಿನ ಹೋಗಬಹುದು. ಎರಡನೆಯ ಸಲವೂ ಅದೇ ಗಾಡಿ. ಒಂದು ದಿನದ ಶಿಬಿರಕ್ಕಿಂತ ಇದು ಮೇಲು, ಶಿಬಿರದವರು ಚೀಟಿ ಬರೆದುಕೊಟ್ಟು ಹೋದ ಮೇಲೆ ದಾರಿ ಮತ್ತೆ ನಮ್ಮದೇ. ಹೋಗುವ ದಿನ ಉಂಡು ಹೊರಡಿರಿ. ಸಕ್ಕರೆ ರೋಗ, ರಕ್ತದೊತ್ತಡ, ಹೃದಯದ ಗುಳಿಗೆ ತೆಗೆದುಕೊಳ್ಳುವವರು ಚೀಟಿ ಸಂಗಡ ಒಯ್ದು ಮೊದಲೇ ತೋರಿಸಿರಿ.