ಶಾಖೆಯ ಗಣಕಕ್ಕೆ ಸರ್ವರ್ ಸಿಗದಿದ್ದಾಗ

ಮಳಿಗೆಯಲ್ಲಿ ವಿಂಡೋಸ್ ಗಣಕಯಂತ್ರ, ಕಾರ್ಖಾನೆಯಲ್ಲಿ ಲೈನಕ್ಸ್ ಸರ್ವರ್: ಇಂತಹ ಏರ್ಪಾಡು ನಮ್ಮ ಸಣ್ಣ ಉದ್ಯಮಗಳಿಗೆ ಹೊಸದಲ್ಲ. ಲೈನಕ್ಸ್ ಹಾಗೂ ಮೈಎಸ್‌ಕ್ಯೂಎಲ್ ದತ್ತಸಂಚಯ ಪರವಾನಗಿ ಶುಲ್ಕವಿಲ್ಲದೆಯೂ ದೊರೆಯುವುದರಿಂದ ಇದು ಮಿತವ್ಯಯದ ಮಾರ್ಗವೂ ಹೌದು. ಆದರೆ ಇವೆರಡರ ನಡುವಿನ ಸಂಪರ್ಕ ಕಡಿದಾಗ ಮಾಡುವ ಅವಸರದ ದುರಸ್ತಿಯು ಮೂಲ ದೋಷಕ್ಕಿಂತ ಹೆಚ್ಚು ನಷ್ಟವನ್ನು ಉಂಟುಮಾಡಬಲ್ಲದು.

ನಾನು ಲೆಕ್ಕ ಪರಿಶೋಧನೆ ನಡೆಸುವ ಬಿಡಿಭಾಗ ತಯಾರಿಕಾ ಘಟಕವೊಂದರಲ್ಲಿ ಹೊಸ ಸರ್ವರ್ ಸ್ಥಾಪಿಸಿದ ಮರುದಿನವೇ ಮಳಿಗೆಯಲ್ಲಿ ದಾಸ್ತಾನು ಲೆಕ್ಕ ತೆರೆಯದಾಯಿತು. ಅಂದೇ ಬ್ಯಾಂಕಿಗೆ ದಾಸ್ತಾನು ತಃಖ್ತೆ ಸಲ್ಲಿಸಬೇಕಿತ್ತು. ದುರಸ್ತಿಗೆ ಬಂದವರು ಫೈರ್‌ವಾಲ್ ನಿಲ್ಲಿಸಿ, ಸರ್ವಾಧಿಕಾರದ 'ರೂಟ್' ಖಾತೆಗೆ ಎಲ್ಲಿಂದಲಾದರೂ ಪ್ರವೇಶ ನೀಡಿ ಹೋದರು. ತಃಖ್ತೆ ಸಕಾಲದಲ್ಲಿ ಸಲ್ಲಿಕೆಯಾಯಿತು. ನಾಲ್ಕು ತಿಂಗಳ ನಂತರ ನಾನು ಪರಿಶೋಧನೆಗೆ ಹೋದಾಗಲೂ ಆ ಬಾಗಿಲು ತೆರೆದೇ ಇತ್ತು. ದಾಸ್ತಾನಿನಲ್ಲಿ ಕೊರತೆ ಕಂಡುಬಂದಿತು. ಎಲ್ಲರೂ ಒಂದೇ ಖಾತೆಯನ್ನು ಬಳಸಿದ್ದರಿಂದ ಲೆಕ್ಕವನ್ನು ತಿದ್ದಿದವರು ಯಾರೆಂದು ಗುರುತಿಸಲು ಮಾಲೀಕರಿಗೆ ಸಾಧ್ಯವಾಗಲಿಲ್ಲ. ಮೂಲ ದೋಷವಾದರೋ ಸರ್ವರ್‌ನ ಸಂರಚನಾ ಕಡತದ ಒಂದೇ ಸಾಲಿನಲ್ಲಿತ್ತು.

ಆದ್ದರಿಂದ ಪರೀಕ್ಷೆಯು ಕ್ರಮಬದ್ಧವಾಗಿರಬೇಕು. ಪರದೆಯ ಮೇಲೆ ಕಾಣುವ ದೋಷಸಂಖ್ಯೆಯನ್ನು ಮೊದಲು ಬರೆದಿಟ್ಟುಕೊಳ್ಳಿರಿ.

1. ದಾರಿ: 10060 ಎಂದು ಬಂದರೆ ಸರ್ವರ್‌ನಿಂದ ಉತ್ತರವೇ ಬರುತ್ತಿಲ್ಲ, ಜಾಲವನ್ನೂ ಫೈರ್‌ವಾಲನ್ನೂ ನೋಡಬೇಕು. ಪಿಂಗ್ ಪರೀಕ್ಷೆಯೊಂದೇ ಸಾಲದು; ಮೈಎಸ್‌ಕ್ಯೂಎಲ್ ಸಾಮಾನ್ಯವಾಗಿ ಬಳಸುವ 3306ನೇ ಪೋರ್ಟ್ ತೆರೆದಿದೆಯೇ ಎಂಬುದು ಮುಖ್ಯ.

2. ಸರ್ವರ್: 10061 ಎಂದಾದರೆ ಯಂತ್ರ ಸಿಕ್ಕಿದೆ, ಆದರೆ ಆ ಪೋರ್ಟ್‌ನಲ್ಲಿ ಸೇವೆ ದೊರೆಯುತ್ತಿಲ್ಲ. ಉಬುಂಟುವಿನಲ್ಲಿ ಮೈಎಸ್‌ಕ್ಯೂಎಲ್ ಸ್ಥಾಪಿಸಿದಾಗ 'ಬೈಂಡ್ ಅಡ್ರೆಸ್' 127.0.0.1 ಎಂದಿರುತ್ತದೆ, ಅಂದರೆ ಅದೇ ಯಂತ್ರದ ಕರೆಗೆ ಮಾತ್ರ ಉತ್ತರ. ಅಲ್ಲಿ ಕಚೇರಿಯ ಒಳಜಾಲದ ವಿಳಾಸವನ್ನು ನಮೂದಿಸಿ ಸೇವೆಯನ್ನು ಪುನಃ ಆರಂಭಿಸಬೇಕು. ಮೇಲಿನ ಘಟಕದಲ್ಲಿ ಇದ್ದದ್ದು ಇದೇ ದೋಷ.

3. ಅನುಮತಿ: 1130 ಅಥವಾ 1045 ಎಂದರೆ ಸರ್ವರ್ ಕರೆಯನ್ನು ಕೇಳಿಸಿಕೊಂಡು ನಿರಾಕರಿಸಿದೆ. ಮೈಎಸ್‌ಕ್ಯೂಎಲ್ ಬಳಕೆದಾರರ ಹೆಸರನ್ನಷ್ಟೇ ಅಲ್ಲದೆ ಕರೆ ಬಂದ ವಿಳಾಸವನ್ನೂ ಪರಿಗಣಿಸುತ್ತದೆ. ಮಳಿಗೆಯ ವಿಳಾಸಕ್ಕೆ ಸೀಮಿತವಾದ, ಅಗತ್ಯವಿರುವಷ್ಟೇ ಅಧಿಕಾರವುಳ್ಳ ಪ್ರತ್ಯೇಕ ಖಾತೆಯೇ ಇದಕ್ಕೆ ಪರಿಹಾರ.

4. ಚಾಲಕ ತಂತ್ರಾಂಶ: 32 ಬಿಟ್ ಎಕ್ಸೆಲ್‌ಗೆ 32 ಬಿಟ್ ಓಡಿಬಿಸಿ ಡ್ರೈವರೇ ಬೇಕು, 64 ಬಿಟ್ಟಿನದು ಅದಕ್ಕೆ ಕಾಣುವುದಿಲ್ಲ. 2018ರಲ್ಲಿ ಬಂದ ಮೈಎಸ್‌ಕ್ಯೂಎಲ್ 8.0 ಗುಪ್ತಪದ ಪರಿಶೀಲನೆಯ ಪೂರ್ವನಿಯೋಜಿತ ವಿಧಾನವನ್ನು ಬದಲಿಸಿದ್ದರಿಂದ ಹಳೆಯ ಡ್ರೈವರ್‌ಗಳು ವಿಫಲವಾಗಬಹುದು. ಆಗ ಡ್ರೈವರನ್ನು ನವೀಕರಿಸಬೇಕೇ ಹೊರತು ಸರ್ವರ್‌ನ ಭದ್ರತೆಯನ್ನು ಸಡಿಲಿಸಬಾರದು.

5. ಅಕ್ಷರಭೇದ: ಸಂಪರ್ಕ ದೊರೆತರೂ 1146 ಎಂದು ಬಂದರೆ ಕೋಷ್ಟಕದ ಹೆಸರನ್ನು ಪರೀಕ್ಷಿಸಿರಿ. ಇಂಗ್ಲಿಷಿನ ದೊಡ್ಡ ಮತ್ತು ಚಿಕ್ಕ ಅಕ್ಷರಗಳು ವಿಂಡೋಸ್‌ನಲ್ಲಿ ಒಂದೇ. ಲೈನಕ್ಸ್‌ನಲ್ಲಿ ಸಾಮಾನ್ಯವಾಗಿ ಬೇರೆ ಬೇರೆ.

ಪೋರ್ಟನ್ನು ಅಂತರಜಾಲಕ್ಕೆ ನೇರವಾಗಿ ತೆರೆಯುವುದು ಸರ್ವಥಾ ಸಲ್ಲದು. ಶಾಖೆಯು ಬೇರೆ ಊರಿನಲ್ಲಿದ್ದರೆ ವಿಪಿಎನ್ ಮೂಲಕವೇ ಸಂಪರ್ಕ ಕಲ್ಪಿಸಬೇಕು.

ಕಂಪನಿಗಳ ಲೆಕ್ಕಪತ್ರ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯ ಜಾಡನ್ನು ದಾಖಲಿಸಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ತಂತ್ರಾಂಶವನ್ನು ಬಳಸದೆ ದತ್ತಸಂಚಯವನ್ನೇ ನೇರವಾಗಿ ತಿದ್ದಲು ಅವಕಾಶವಿದ್ದರೆ ಆ ದಾಖಲೆಗೆ ಅರ್ಥವುಳಿಯದು. ಪಾಲುದಾರಿಕೆ ಹಾಗೂ ಏಕಮಾಲೀಕತ್ವದ ಸಂಸ್ಥೆಗಳಿಗೆ ಈ ನಿಯಮ ಅನ್ವಯಿಸದಿದ್ದರೂ ದಾಸ್ತಾನಿನ ನಷ್ಟ ಎಲ್ಲರಿಗೂ ಒಂದೇ. ಆದುದರಿಂದ ಸರ್ವರ್ ಬಳಿ ಒಂದು ಪುಸ್ತಕವನ್ನಿಡಿರಿ. ದುರಸ್ತಿಗೆ ಬಂದವರು ಏನನ್ನು ಬದಲಿಸಿದರು, ತಾತ್ಕಾಲಿಕವಾಗಿ ತೆರೆದುದನ್ನು ಎಂದು ಮುಚ್ಚಿದರು ಎಂಬುದನ್ನು ಬರೆಯಿಸಿ, ಅವರು ಹೊರಡುವ ಮುನ್ನ ಸಹಿ ಪಡೆಯಿರಿ.