ಓದಿನ ಋಣ ಯಾರ ಮೇಲೆ?

ತುಮಕೂರಿನ ಶೆಟ್ಟಿಹಳ್ಳಿ ಈಗ ಹೆಸರಿನಲ್ಲಷ್ಟೇ ಹಳ್ಳಿ. ನಗರ ಬೆಳೆಯುತ್ತ ಬಂದು ಅದನ್ನು ತನ್ನ ಬಡಾವಣೆಗಳಲ್ಲಿ ಒಂದಾಗಿ ಮಾಡಿಕೊಂಡಿದೆ. ಅಲ್ಲಿಂದ ಆಟೊದಲ್ಲಿ ಹೋಗಿಬರುವಷ್ಟು ದೂರದಲ್ಲಿ, ಒಂದೇ ಬಿ.ಎಚ್. ರಸ್ತೆಯ ಆಸುಪಾಸಿನಲ್ಲಿ, ಎರಡು ಸಂಸ್ಥೆಗಳಿವೆ. ಒಂದು ಅಗಳಕೋಟೆಯ ಶ್ರೀ ಸಿದ್ಧಾರ್ಥ ವೈದ್ಯಕೀಯ ಕಾಲೇಜು, ಇನ್ನೊಂದು ಕ್ಯಾತ್ಸಂದ್ರದ ಬಳಿಯ ಸಿದ್ಧಗಂಗಾ ಮಠ. ಕಾಲೇಜಿನ ಒಂದು ಸೀಟಿನ ಶುಲ್ಕದ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿ ದೇಶದ ಶಿಕ್ಷಣ ಕಾನೂನಿನ ದಿಕ್ಕನ್ನೇ ಬದಲಿಸಿತು. ಮಠದಲ್ಲಿ ತಲೆಮಾರುಗಳಿಂದ ಸಾವಿರಾರು ಮಕ್ಕಳು ಶುಲ್ಕದ ಮಾತೇ ಇಲ್ಲದೆ ಉಂಡು, ಓದಿ ಹೋಗಿದ್ದಾರೆ. ಮಕ್ಕಳ ಓದಿನ ಖರ್ಚನ್ನು ಯಾರು ಹೊರಬೇಕು ಎಂಬ ಪ್ರಶ್ನೆಗೆ ಸಮಾಜ ಕಂಡುಕೊಂಡ ಎರಡು ತೀರ ಬೇರೆಯಾದ ಉತ್ತರಗಳು ಹೀಗೆ ಒಂದೇ ಊರಿನಲ್ಲಿ ಅಕ್ಕಪಕ್ಕ ನಿಂತಿವೆ.

ಉಚಿತ ಶಿಕ್ಷಣ ಎಂಬುದು ಮಾತಿನ ಅನುಕೂಲಕ್ಕೆ ಹುಟ್ಟಿದ ಪದ. ಮೇಷ್ಟರಿಗೆ ಸಂಬಳ, ಕಟ್ಟಡಕ್ಕೆ ಸುಣ್ಣ, ಪ್ರಯೋಗಾಲಯಕ್ಕೆ ಉಪಕರಣ, ವಿದ್ಯಾರ್ಥಿಗೆ ಎರಡು ಹೊತ್ತಿನ ಊಟ ಇವೆಲ್ಲ ಬೇಕೇ ಬೇಕು. ಅದನ್ನು ಯಾರೋ ಒಬ್ಬರು ಕೊಡುತ್ತಲೇ ಇರುತ್ತಾರೆ. ಹಾಗೆ ಕೊಡಬಲ್ಲವರು ನಾಲ್ಕೇ ಬಗೆಯವರು: ವಿದ್ಯಾರ್ಥಿಯ ಮನೆಯವರು, ದಾನಿಗಳು, ತೆರಿಗೆ ಕಟ್ಟುವ ಜನ, ಇಲ್ಲವೇ ಮುಂದೆ ದುಡಿಮೆಗೆ ಬಂದ ಮೇಲೆ ಆ ವಿದ್ಯಾರ್ಥಿಯೇ. ಇತಿಹಾಸದುದ್ದಕ್ಕೂ ಹೊರೆ ಈ ನಾಲ್ವರ ಹೆಗಲ ಮೇಲೆ ಅತ್ತಿಂದಿತ್ತ ಸರಿದಾಡಿದೆ.

ಮದುವೆಯ ಮನೆಯಿಂದ ಶಾಲೆಗೆ

ಕನ್ನಡ ನಾಡಿನಲ್ಲಿ ಈ ಲೆಕ್ಕಾಚಾರ ಬಹಳ ಹಳೆಯದು. ಈಗಿನ ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ದೊರೆ ಮುಮ್ಮಡಿ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನವೊಂದಿದೆ. ದೊರೆಯ ಮಂತ್ರಿ ನಾರಾಯಣನೆಂಬುವನು ಅಲ್ಲಿ ಕಟ್ಟಿಸಿದ ವಿದ್ಯಾಶಾಲೆಗೆ ಬೇರೆ ಬೇರೆ ನಾಡುಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರ ವಾಸಕ್ಕೆ 27 ಮನೆಗಳಿದ್ದವು. ಶಾಲೆಯ ಖರ್ಚಿಗೆ 500 ನಿವರ್ತನ ಭೂಮಿಯನ್ನೂ ದೀಪದೆಣ್ಣೆಗೆ 12 ನಿವರ್ತನವನ್ನೂ ಮುಖ್ಯ ಗುರುವಿನ ಜೀವಿತಕ್ಕೆ 50 ನಿವರ್ತನವನ್ನೂ ಬಿಡಲಾಗಿತ್ತು. ಇದಕ್ಕಿಂತ ಸ್ವಾರಸ್ಯವಾದುದು ಊರವರ ಪಾಲು. ಮದುವೆ ನಡೆದರೆ ಐದು ನಾಣ್ಯ, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಇನ್ನೂ ಕಡಿಮೆ ಎಂದು ಅವರೇ ಕಟ್ಟುಪಾಡು ಮಾಡಿಕೊಂಡಿದ್ದರು. ಮನೆಯಲ್ಲಿ ಸಂಭ್ರಮವಿದ್ದಾಗ, ಕೈಯಲ್ಲಿ ನಾಲ್ಕು ಕಾಸು ಆಡುವಾಗ, ಓದುವ ಮಕ್ಕಳ ಪಾಲು ಎತ್ತಿಡುವ ಪದ್ಧತಿ ಇದು. ಕೊಡುವವನಿಗೆ ಭಾರವಾಗದ ಹೊತ್ತನ್ನು ನೋಡಿ ಕೇಳಬೇಕೆಂಬ ವಿವೇಕ ಸಾವಿರ ವರ್ಷದ ಹಿಂದೆಯೇ ಇತ್ತು.

ಆದರೆ ಆ ಶಾಲೆಗಳ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಮುಂದೆ ಇಂಗ್ಲಿಷ್ ಶಿಕ್ಷಣ ಬಂದಾಗಲೂ ಬಡ ಹುಡುಗರಿಗೆ ನೆರವಾದ ವಾರಾನ್ನದ ಪದ್ಧತಿ ಜಾತಿಯ ಗೆರೆ ದಾಟಲಿಲ್ಲ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಉಂಡು ಓದಿದವರು ಸಾಲುಸಾಲಾಗಿ ವಕೀಲರೂ ಅಧ್ಯಾಪಕರೂ ಆದರು. ಅಂಥ ಮನೆಗಳ ಹೊಸ್ತಿಲು ದಾಟುವಂತಿಲ್ಲದ ಹುಡುಗನಿಗೆ ಪಟ್ಟಣದಲ್ಲಿ ಊಟವೂ ಇಲ್ಲ, ಓದೂ ಇಲ್ಲ.

ಈ ಕೊರತೆಯನ್ನು ತುಂಬಿದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಹುಟ್ಟಿದ ವಿದ್ಯಾರ್ಥಿ ನಿಲಯಗಳು. ಗುಬ್ಬಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ವ್ಯಾಪಾರ ಮಾಡಿ ಗಳಿಸಿದ ತೋಟದಪ್ಪನವರು ಬೆಂಗಳೂರು ರೈಲು ನಿಲ್ದಾಣದ ಎದುರು ಛತ್ರ ಕಟ್ಟಿಸಿದ್ದಲ್ಲದೆ, ಹೊರ ಊರಿನಿಂದ ಬಂದು ಓದುವ ಹುಡುಗರಿಗೆ ಉಚಿತ ನಿಲಯವನ್ನೂ ನಡೆಸುವ ಧರ್ಮಸಂಸ್ಥೆ ಸ್ಥಾಪಿಸಿದರು. ಒಕ್ಕಲಿಗರ ಸಂಘ ಮೊದಲಾದ ಸಮುದಾಯ ಸಂಸ್ಥೆಗಳೂ ಅದೇ ಕಾಲದಲ್ಲಿ ಇದೇ ಕೆಲಸಕ್ಕೆ ಕೈ ಹಾಕಿದವು.

ಮುದ್ದೆಯ ಲೆಕ್ಕ

ಸಿದ್ಧಗಂಗೆಯ ದಾಸೋಹ ಈ ಪರಂಪರೆಯ ದೊಡ್ಡ ರೂಪ. ಉದ್ದಾನ ಶಿವಯೋಗಿಗಳ ಕಾಲದಲ್ಲಿ ಬೆಳೆದ ಮಠದ ವಿದ್ಯಾರ್ಥಿ ನಿಲಯವನ್ನು ಅವರ ಉತ್ತರಾಧಿಕಾರಿಯಾದ ಶಿವಕುಮಾರ ಸ್ವಾಮಿಗಳು ಅದ್ಭುತವೆನ್ನುವ ಮಟ್ಟಕ್ಕೆ ಒಯ್ದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ್ದ ಅವರು 1941ರಲ್ಲಿ ಮಠದ ಹೊಣೆ ಹೊತ್ತು, 2019ರ ಜನವರಿ 21ರಂದು ತೀರಿಕೊಳ್ಳುವವರೆಗೂ ಅದನ್ನು ನಡೆಸಿದರು. ಅವರ ಕೊನೆಯ ವರ್ಷಗಳಲ್ಲಿ ಅಲ್ಲಿ ಉಂಡು ಓದುತ್ತಿದ್ದ ಮಕ್ಕಳ ಸಂಖ್ಯೆ ಹತ್ತು ಸಾವಿರದ ಹತ್ತಿರವಿತ್ತು. ಜಾತಿ, ಮತ ಕೇಳುವ ಪದ್ಧತಿ ಅಲ್ಲಿಲ್ಲ.

ಇದರ ಹಣಕಾಸು ನಡೆದ ಬಗೆ ಅರ್ಥಶಾಸ್ತ್ರದ ಪುಸ್ತಕದಲ್ಲಿ ಸಿಗುವಂಥದಲ್ಲ. ಸುಗ್ಗಿ ಮುಗಿದ ಮೇಲೆ ಹಳ್ಳಿಗಳಿಂದ ರಾಗಿ, ಭತ್ತ, ಕಾಳು, ತೆಂಗಿನಕಾಯಿ ಮಠಕ್ಕೆ ಬರುತ್ತವೆ. ಕೊಟ್ಟವನ ಮಗ ಅಲ್ಲಿ ಓದುತ್ತಿರಬೇಕೆಂದೇನೂ ಇಲ್ಲ. ಉಂಡು ಹೋದ ಹುಡುಗನಿಂದ ಯಾರೂ ಕಾಗದ ಬರೆಸಿಕೊಳ್ಳುವುದಿಲ್ಲ. ಆದರೂ ನೌಕರಿ ಹಿಡಿದ ಮೇಲೆ ಎಷ್ಟೋ ಮಂದಿ ತಮ್ಮ ಪಾಲು ತಂದೊಪ್ಪಿಸುತ್ತಾರೆ. ಹಿಂದಿನವರಿಂದ ಪಡೆದದ್ದನ್ನು ಮುಂದಿನವರಿಗೆ ತೀರಿಸುವ ಋಣ ಇದು. ಬಡ್ಡಿ ಇಲ್ಲ, ಗಡುವು ಇಲ್ಲ, ತೀರಿಸದಿದ್ದರೆ ಜಪ್ತಿಯೂ ಇಲ್ಲ.

ಈ ವ್ಯವಸ್ಥೆಗೂ ಮಿತಿಯುಂಟು. ಮುದ್ದೆ, ಸಾರು, ಮಲಗಲು ಜಾಗ ಸಿಕ್ಕರೆ ಹುಡುಗ ಶಾಲೆ ಮುಗಿಸಿ ಕಾಲೇಜಿನ ಬಾಗಿಲವರೆಗೆ ನಡೆದು ಬರುತ್ತಾನೆ. ಆದರೆ ವೈದ್ಯಕೀಯ, ಎಂಜಿನಿಯರಿಂಗ್‌ನಂಥ ದುಬಾರಿ ಓದಿನ ಖರ್ಚು ರಾಗಿಯ ಮೂಟೆಗಳಿಂದ ಹುಟ್ಟುವುದಿಲ್ಲ. ದಾನ ಒಬ್ಬ ಮಹಾನುಭಾವನಿರುವಲ್ಲಿ ಮಾತ್ರ ಹರಿಯುತ್ತದೆ. ಎಲ್ಲ ಜಿಲ್ಲೆಗೂ ಒಂದೊಂದು ಸಿದ್ಧಗಂಗೆ ಇಲ್ಲ. ಆದ್ದರಿಂದಲೇ ಸರ್ಕಾರ ಬರಬೇಕಾಯಿತು. ಮೈಸೂರು ಸಂಸ್ಥಾನ 1918ರಲ್ಲಿ ನೇಮಿಸಿದ ಮಿಲ್ಲರ್ ಸಮಿತಿ ಹಿಂದುಳಿದವರಿಗೆ ವಿದ್ಯಾರ್ಥಿವೇತನದ ದಾರಿ ತೋರಿತು. ಎಪ್ಪತ್ತರ ದಶಕದಲ್ಲಿ ದೇವರಾಜ ಅರಸರ ಸರ್ಕಾರ ಹಿಂದುಳಿದ ವರ್ಗಗಳ ಹಾಸ್ಟೆಲುಗಳನ್ನು ತಾಲ್ಲೂಕುಗಳಿಗೆ ಒಯ್ದಿತು. ಹಾಸ್ಟೆಲಿನಲ್ಲಿ ಜಾಗ ಸಿಗದವರಿಗಾಗಿ 2013ರ ನಂತರ ಬಂದ ವಿದ್ಯಾಸಿರಿ ಯೋಜನೆ ತಿಂಗಳಿಗೆ 1500 ರೂಪಾಯಿಯಂತೆ ವರ್ಷದಲ್ಲಿ ಹತ್ತು ತಿಂಗಳ ನೆರವು ಗೊತ್ತುಮಾಡಿತು.

ಅಗಳಕೋಟೆಯಿಂದ ದೆಹಲಿಗೆ

ಇನ್ನೊಂದು ದಾರಿ ತೆರೆದದ್ದು ಕರಾವಳಿಯಲ್ಲಿ. ಟಿ.ಎಂ.ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಖಾಸಗಿ ವೈದ್ಯಕೀಯ ಕಾಲೇಜು ಆರಂಭಿಸಿದರು. ಸರ್ಕಾರದ ಬಳಿ ಹಣವಿಲ್ಲದಿದ್ದರೇನು, ಓದಬೇಕೆನ್ನುವವರ ಮನೆಯಲ್ಲಿದೆಯಲ್ಲ ಎಂಬುದು ಇಂಥ ಕಾಲೇಜುಗಳ ಹಿಂದಿನ ತರ್ಕ. ಅದರಿಂದ ರಾಜ್ಯಕ್ಕೆ ನೂರಾರು ವೈದ್ಯರು, ಎಂಜಿನಿಯರರು ಸಿಕ್ಕಿದ್ದು ನಿಜ. ಮುಂದಿನ ದಶಕಗಳಲ್ಲಿ ಕ್ಯಾಪಿಟೇಷನ್, ಡೊನೇಷನ್ ಎಂಬ ಪದಗಳು ಕನ್ನಡದ ಮನೆಮಾತಾದದ್ದೂ ಅಷ್ಟೇ ನಿಜ. ಇದಕ್ಕೆ ಕಡಿವಾಣ ಹಾಕಲು ರಾಜ್ಯ 1984ರಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ತಂದಿತು. ಅದರಡಿ 1989ರ ಜೂನ್‌ನಲ್ಲಿ ಹೊರಟ ಅಧಿಸೂಚನೆಯ ಪ್ರಕಾರ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2000 ರೂಪಾಯಿ, ಉಳಿದ ಸೀಟುಗಳಲ್ಲಿ ಕರ್ನಾಟಕದವರಿಗೆ 25,000, ಹೊರ ರಾಜ್ಯದವರಿಗೆ 60,000 ರೂಪಾಯಿವರೆಗೆ ಶುಲ್ಕ. ಒಂದೇ ತರಗತಿಯ ಒಂದೇ ಬೆಂಚಿನಲ್ಲಿ ಕೂತ ಮೂವರಿಗೆ ಮೂರು ದರ.

ಉತ್ತರ ಪ್ರದೇಶದ ಮೀರತ್‌ನ ಮೋಹಿನಿ ಜೈನ್ 1991ರಲ್ಲಿ ತುಮಕೂರಿನ ಕಾಲೇಜಿಗೆ ಅರ್ಜಿ ಹಾಕಿದಾಗ ಎದುರಾದದ್ದು ಈ 60,000ದ ಮೊತ್ತ. ಅಷ್ಟು ಹಣ ಹೊಂದಿಸಲು ತಂದೆಗೆ ಸಾಧ್ಯವಾಗಲಿಲ್ಲ. ಇನ್ನೂ ಹೆಚ್ಚಿನ ಹಣ ಕೇಳಿದರೆಂಬ ಆಕೆಯ ಆರೋಪವನ್ನು ಆಡಳಿತ ಮಂಡಳಿ ನಿರಾಕರಿಸಿತು. ಖಾಸಗಿ ಕಾಲೇಜುಗಳ ಪರವಾಗಿ ಬಂದ ವಾದ ಹೀಗಿತ್ತು: ಒಬ್ಬ ವೈದ್ಯನನ್ನು ತಯಾರು ಮಾಡಲು ಸುಮಾರು ಐದು ಲಕ್ಷ ಬೇಕು, ಶೇ 40ರಷ್ಟು ಸರ್ಕಾರಿ ಸೀಟಿನವರ ಖರ್ಚನ್ನೂ ಉಳಿದ ಶೇ 60ರಷ್ಟು ಜನರೇ ಹೊರಬೇಕು.

ನ್ಯಾಯಮೂರ್ತಿ ಕುಲದೀಪ್ ಸಿಂಗ್ ಮತ್ತು ಆರ್.ಎಂ. ಸಹಾಯ್ ಅವರ ಪೀಠ 1992ರ ಜುಲೈ 30ರಂದು ತೀರ್ಪಿತ್ತಿತು. ಶಿಕ್ಷಣದ ಹಕ್ಕು ಬದುಕುವ ಹಕ್ಕಿನಲ್ಲೇ ಅಡಗಿದೆ, ಸರ್ಕಾರಿ ಸೀಟಿನ ಶುಲ್ಕಕ್ಕಿಂತ ಹೆಚ್ಚು ಪಡೆದುದೆಲ್ಲ ಕ್ಯಾಪಿಟೇಷನ್ನೇ, ಅದು ಸಂವಿಧಾನಬಾಹಿರ ಎಂದು ಪೀಠ ಸಾರಿತು. ಆದರೆ ದಾವೆ ಗೆದ್ದ ಹುಡುಗಿಗೆ ಸೀಟು ಸಿಗಲಿಲ್ಲ. ಆಕೆಯ ಪ್ರವೇಶದ ಕೋರಿಕೆ ಅರ್ಹತಾ ಪಟ್ಟಿಯ ಆಧಾರದ ಮೇಲಿರಲಿಲ್ಲ, ತರಗತಿಗಳೂ ಬಹಳ ಹಿಂದೆಯೇ ಆರಂಭವಾಗಿದ್ದವು. ತತ್ವ ಗೆದ್ದಿತು, ದುಡ್ಡು ಕೊಡುವವರಾರು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಆರು ತಿಂಗಳಲ್ಲಿ ಆ ಪ್ರಶ್ನೆ ಮತ್ತೆ ಎದ್ದಿತು. 1993ರ ಫೆಬ್ರವರಿ 4ರ ಉನ್ನಿಕೃಷ್ಣನ್ ತೀರ್ಪಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ, ಹದಿನಾಲ್ಕು ವರ್ಷದವರೆಗಿನ ಶಿಕ್ಷಣ ಮೂಲಭೂತ ಹಕ್ಕು, ಅದರಾಚೆಗಿನದು ಸರ್ಕಾರದ ಆರ್ಥಿಕ ಶಕ್ತಿಗೆ ಒಳಪಟ್ಟದ್ದು ಎಂದಿತು. ಖಾಸಗಿ ವೃತ್ತಿ ಕಾಲೇಜುಗಳ ಅರ್ಧ ಸೀಟು ಕಡಿಮೆ ಶುಲ್ಕದ 'ಫ್ರೀ ಸೀಟು', ಇನ್ನರ್ಧ 'ಪೇಮೆಂಟ್ ಸೀಟು', ಎರಡಕ್ಕೂ ಅರ್ಹತೆಯೇ ಆಧಾರ ಎಂಬ ಯೋಜನೆಯನ್ನೂ ರೂಪಿಸಿತು. 1994ರಿಂದ ಕರ್ನಾಟಕದಲ್ಲಿ ಸಿಇಟಿ ಪರೀಕ್ಷೆ ನಡೆಯತೊಡಗಿದ್ದು ಈ ಹಿನ್ನೆಲೆಯಲ್ಲಿ.

ಇರುವವನು ಕೊಡಲಿ, ಇಲ್ಲದವನು ಓದಲಿ ಎಂಬ ಈ ಏರ್ಪಾಡು ಕೇಳಲು ನ್ಯಾಯವಾಗಿಯೇ ಇದೆ. ನಡೆದದ್ದು ಬೇರೆ. ಪಟ್ಟಣದ ಒಳ್ಳೆಯ ಶಾಲೆ, ಮನೆಪಾಠ, ಕೋಚಿಂಗ್ ಸಿಕ್ಕ ಅನುಕೂಲಸ್ಥರ ಮಕ್ಕಳು ರ‍್ಯಾಂಕ್ ಪಟ್ಟಿಯ ಮೇಲ್ಭಾಗದಲ್ಲಿದ್ದು ಫ್ರೀ ಸೀಟು ಪಡೆದರು. ಪಟ್ಟಿಯ ಕೆಳಗುಳಿದ ಹಳ್ಳಿಯ ಹುಡುಗನ ಪಾಲಿಗೆ ಪೇಮೆಂಟ್ ಸೀಟು ಬಂತು. ಪಾವಗಡದ ಒಣ ಬೇಸಾಯದವನು ಜಮೀನು ಅಡವಿಟ್ಟು ಕಟ್ಟಿದ ಶುಲ್ಕದಲ್ಲಿ ಬೆಂಗಳೂರಿನ ಅಧಿಕಾರಿಯ ಮಗ ಅಗ್ಗದಲ್ಲಿ ಓದುವುದಕ್ಕೂ ಇಲ್ಲಿ ಅವಕಾಶವಿತ್ತು. ಈ ವೈಪರೀತ್ಯವನ್ನು ಗುರುತಿಸಿದ ಹನ್ನೊಂದು ನ್ಯಾಯಮೂರ್ತಿಗಳ ಪೀಠ 2002ರ ಅಕ್ಟೋಬರ್ 31ರಂದು ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಆ ಯೋಜನೆಯನ್ನು ಕೈಬಿಟ್ಟಿತು. ಅಂಕಪಟ್ಟಿಯೊಂದನ್ನೇ ನೋಡಿ ಹಂಚಿದ ರಿಯಾಯಿತಿ ಬಡವನನ್ನು ತಲುಪುವುದಿಲ್ಲ ಎಂಬುದು ಆ ಒಂಬತ್ತು ವರ್ಷಗಳ ಪಾಠ.

ಮುಂದೆ ದುಡಿದು ಕೊಡುವ ದಾರಿ

ಉಳಿದದ್ದು ನಾಲ್ಕನೆಯವನು, ಅಂದರೆ ವಿದ್ಯಾರ್ಥಿಯೇ. ಓದಿನಿಂದ ಮುಂದೆ ಲಾಭ ಪಡೆಯುವವನು ಆಗಲೇ ಕೊಡಲಿ ಎಂಬುದು ಸಾಲದ ತತ್ವ. ಕೇಂದ್ರ ಸರ್ಕಾರ 1963ರಲ್ಲಿ ಸಾಲ ರೂಪದ ವಿದ್ಯಾರ್ಥಿವೇತನ ಆರಂಭಿಸಿತ್ತು. 2001ರಲ್ಲಿ ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆ ಬಂದು, ನಾಲ್ಕು ಲಕ್ಷದವರೆಗೆ ಅಡಮಾನವಿಲ್ಲದೆ ಸಾಲ ಕೊಡುವ ರೂಢಿ ಬೆಳೆಯಿತು. 2024ರ ನವೆಂಬರಿನಲ್ಲಿ ಕೇಂದ್ರ ಒಪ್ಪಿದ ವಿದ್ಯಾಲಕ್ಷ್ಮಿ ಯೋಜನೆ ಆಯ್ದ ಉನ್ನತ ಸಂಸ್ಥೆಗಳಿಗೆ ಸೇರಿದವರಿಗೆ ಅಡಮಾನ, ಜಾಮೀನು ಎರಡೂ ಬೇಡವೆಂದಿತು.

ಆದರೆ ಬ್ಯಾಂಕಿನ ಸಾಲಕ್ಕೆ ಕಂತಿನ ದಿನ ಗೊತ್ತು, ಸಾಲಗಾರನ ಕಷ್ಟ ಗೊತ್ತಿಲ್ಲ. ನಾಲ್ಕು ಲಕ್ಷದ ಸಾಲ, ಶೇ 10ರ ಬಡ್ಡಿ, ಹತ್ತು ವರ್ಷದ ಗಡುವು ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು 5,290 ರೂಪಾಯಿ. ಐವತ್ತು ಸಾವಿರ ಸಂಬಳದವನಿಗೆ ಅದು ಹತ್ತರಲ್ಲೊಂದು ಪಾಲು. ಹದಿನೈದು ಸಾವಿರದ ಕೆಲಸ ಸಿಕ್ಕವನಿಗೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು. ಕೆಲಸವೇ ಸಿಗದವನ ಮನೆಗೆ ಬರುವುದು ಬ್ಯಾಂಕಿನ ನೋಟಿಸು. ಈ ಭಯಕ್ಕೇ ಎಷ್ಟೋ ಮನೆಗಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳ ವಿಷಯದಲ್ಲಿ, ಇಷ್ಟು ಓದಿದ್ದು ಸಾಕೆಂಬ ತೀರ್ಮಾನವಾಗುತ್ತದೆ.

ಆಸ್ಟ್ರೇಲಿಯ ಇದಕ್ಕೊಂದು ಪರಿಹಾರ ಹುಡುಕಿತು. 1974ರಲ್ಲಿ ವಿಶ್ವವಿದ್ಯಾಲಯದ ಶುಲ್ಕವನ್ನು ರದ್ದು ಮಾಡಿದ್ದ ಆ ದೇಶ 1989ರಲ್ಲಿ ಹೊಸ ಕ್ರಮಕ್ಕೆ ಬಂತು. ಸೇರುವಾಗ ವಿದ್ಯಾರ್ಥಿ ಹಣ ಕಟ್ಟಬೇಕಾಗಿಲ್ಲ. ಓದು ಮುಗಿಸಿ, ವರಮಾನ ಗೊತ್ತಾದ ಮಿತಿ ದಾಟಿದ ಮೇಲೆ ತೆರಿಗೆಯ ಜೊತೆಯಲ್ಲೇ ಒಂದು ಪಾಲು ಕಡಿತವಾಗುತ್ತದೆ. ವರಮಾನ ಬಿದ್ದರೆ ಕಡಿತ ನಿಲ್ಲುತ್ತದೆ. ಇಂಗ್ಲೆಂಡ್ ಕೂಡ ಈ ಮಾದರಿಗೆ ಬಂತು, ಆದರೆ 2012ರಲ್ಲಿ ವರ್ಷದ ಶುಲ್ಕವನ್ನು 9,000 ಪೌಂಡಿನವರೆಗೆ ಏರಿಸಿದ್ದರಿಂದ ಪದವೀಧರರ ತಲೆಯ ಮೇಲಿನ ಸಾಲ ಭಾರಿಯಾಯಿತು. ಜರ್ಮನಿಯ ಕೆಲವು ರಾಜ್ಯಗಳು ಶುಲ್ಕ ಹಾಕಿ ನೋಡಿ, 2014ರ ಹೊತ್ತಿಗೆ ಎಲ್ಲವೂ ಅದನ್ನು ಕೈಬಿಟ್ಟು ತೆರಿಗೆಯ ಹಣವನ್ನೇ ನೆಚ್ಚಿಕೊಂಡವು.

ಆಸ್ಟ್ರೇಲಿಯದ ಕ್ರಮವನ್ನು ಇಲ್ಲಿಗೆ ಹಾಗೆಯೇ ತರುವುದು ಸುಲಭವಲ್ಲ. ವರಮಾನ ತೆರಿಗೆಯ ಬಲೆಗೆ ಬೀಳುವ ದುಡಿಮೆಗಾರರು ಇಲ್ಲಿ ಕಡಿಮೆ; ಅಂಗಡಿ, ಹೊಲ, ಗುತ್ತಿಗೆ ಕೆಲಸಗಳ ಗಳಿಕೆಗೆ ಲೆಕ್ಕಪತ್ರವಿಲ್ಲ. ಆದರೂ ಅದರ ಒಳತತ್ವ ಈ ನೆಲಕ್ಕೆ ಹೊಸದಲ್ಲ. ಸಾಲೋಟಗಿಯವರು ಮದುವೆಯ ಹೊತ್ತನ್ನು ಕಾದರು. ತುಮಕೂರಿನ ಸೀಮೆಯ ರೈತ ಸುಗ್ಗಿಯ ಹೊತ್ತಿಗೆ ರಾಗಿ ಅಳೆಯುತ್ತಾನೆ. ಸಿದ್ಧಗಂಗೆಯಲ್ಲಿ ಉಂಡವನು ಸಂಬಳ ಬಂದ ಮೇಲೆ ಕೊಡುತ್ತಾನೆ. ಎಲ್ಲರೂ ಕೊಡುವುದು ಕೈ ತುಂಬಿದ ಮೇಲೆ. ಈಗಿನ ವ್ಯವಸ್ಥೆಯಲ್ಲಿ ಮಾತ್ರ ಪ್ರವೇಶದ ದಿನವೇ, ಅಪ್ಪನ ಕೈ ಬರಿದಾಗಿರುವಾಗಲೇ, ಪೂರ್ತಿ ಬೆಲೆ ಕೇಳಲಾಗುತ್ತದೆ.

ವೈದ್ಯನಿಂದ ಊರಿಗೆ ಲಾಭವಿದೆ, ಅದಕ್ಕೆ ಊರಿನ ತೆರಿಗೆ ಸಲ್ಲಬೇಕು. ಅವನಿಗೂ ಲಾಭವಿದೆ, ಅದಕ್ಕೆ ಅವನ ಗಳಿಕೆಯ ಪಾಲು ಸಲ್ಲಬೇಕು. ಎಷ್ಟು ಪಾಲು ಯಾರದೆಂಬುದು ಚರ್ಚೆಯಿಂದ ತೀರ್ಮಾನವಾಗಬಹುದಾದ ಲೆಕ್ಕ. ಆದರೆ ಕಾಲೇಜಿನ ಬಾಗಿಲಿನಲ್ಲಿ ನಿಂತ ಹದಿನೆಂಟರ ಹುಡುಗಿಯ ಮುಂದೆ ಆ ಲೆಕ್ಕವನ್ನು ಬಿಚ್ಚಬಾರದು. ಮಠದ ಪಂಕ್ತಿಯಲ್ಲಿ ಕೂತ ಮಗುವಿಗೆ ಮೊದಲು ಎಲೆ ಹಾಕುತ್ತಾರೆ. ಋಣದ ಮಾತು ಬರುವುದು ಅದು ಉಂಡೆದ್ದು, ಓದಿ, ಬೆಳೆದ ಮೇಲೆ.