ಬಾಣಂತನಕ್ಕೆ ಹೋದವರೇ, ಒಂದು ದಿನ ಮರ ನೋಡಲು ಹೋಗಿ!

ಅಮೆರಿಕದಲ್ಲಿರುವ ಮಗಳು ಬಸುರಿ ಎಂಬ ಸುದ್ದಿ ಬಂದ ಕೂಡಲೇ ನಮ್ಮ ಬಡಾವಣೆಗಳ ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲಿನ ಸೂಟ್‌ಕೇಸ್ ಕೆಳಗಿಳಿಯುತ್ತದೆ. ಸಾರಿನ ಪುಡಿ, ಅಂಟಿನುಂಡೆ, ಮಗುವಿಗೆ ಹಾಸಲು ಹಳೇ ಹತ್ತಿ ಸೀರೆ... ತೂಕ ನೋಡಿ ತೆಗೆದು, ಮತ್ತೆ ತುರುಕಿ, ಅಂತೂ ಅಮ್ಮ ವಿಮಾನ ಹತ್ತಿದ್ದಾಯ್ತು. ಆಮೇಲೆ?

ಅಕ್ಟೋಬರಿನಲ್ಲಿ ಹೋದವರಿಗೆ ನವೆಂಬರ್ ಹೊತ್ತಿಗೆ ಚಳಿ ಶುರು. ಗೇಟಿನ ಹತ್ತಿರ ನಿಂತು ಮಾತಾಡಲು ಎದುರುಮನೆಯವರಿಲ್ಲ, ಸೊಪ್ಪಿನವಳ ಕೂಗಿಲ್ಲ. ಕಿಟಕಿಯಾಚೆ ಎಲೆ ಉದುರಿದ ಬೋಳು ಮರ, ಒಳಗೆ ಮಗುವಿನ ಸ್ನಾನ, ಬಾಣಂತಿಯ ಊಟ, ಪಾತ್ರೆ ಮೆಷಿನ್ನು. ಫೋನಿನಲ್ಲಿ "ಹೇಗಿದೆ ಅಮೆರಿಕ?" ಅಂದರೆ "ಚೆನ್ನಾಗಿದೆ ಕಣೇ" ಅನ್ನುತ್ತಾರೆ. ಏನು ನೋಡಿದಿರಿ ಅಂತ ಕೇಳಿ ನೋಡಿ. "ಕಾಸ್ಟ್‌ಕೋ ನೋಡಿದೆ!"

ಹೀಗೆ ಆರು ತಿಂಗಳು ಕಳೆದು ವಾಪಸ್ ಬಂದ ಹೆಂಗಸರು ನಿಮಗೂ ಗೊತ್ತಿರಬಹುದು. ಅವರು ಬಾಯಿಬಿಟ್ಟು ಕೇಳುವವರಲ್ಲ. ಮಗಳು-ಅಳಿಯನಿಗೆ ರಜೆ ಇಲ್ಲ, ಸುಮ್ಮನೆ ಯಾಕೆ ತೊಂದರೆ ಎಂದು ಕೂತುಬಿಡುತ್ತಾರೆ. ನೀವು ಹೊರಟಿದ್ದರೂ ಸರಿ, ನಿಮ್ಮ ಅಮ್ಮನೋ ಅತ್ತೆಯೋ ಹೊರಟಿದ್ದರೂ ಸರಿ, ನ್ಯೂಯಾರ್ಕ್ ಅಥವಾ ನ್ಯೂಜೆರ್ಸಿ ಕಡೆಗಾದರೆ ಈ ಪುಟವನ್ನು ಕತ್ತರಿಸಿ ಪರ್ಸಿನಲ್ಲಿಟ್ಟುಕೊಳ್ಳಿ. ಡಿಸೆಂಬರಿನಲ್ಲಿ ಆ ಊರಿನ ಚೌಕಗಳಲ್ಲಿ, ಪಾರ್ಕುಗಳಲ್ಲಿ ನಿಲ್ಲಿಸುವ ಕ್ರಿಸ್ಮಸ್ ಮರಗಳನ್ನು ನೋಡಲು ಒಂದೇ ಒಂದು ದಿನ ಸಾಕು. ಮರಕ್ಕೆ ಟಿಕೆಟ್ಟೂ ಇಲ್ಲ.

ನನ್ನ ಅಕ್ಕ ಇರುವುದು ನ್ಯೂಜೆರ್ಸಿಯ ಎಡಿಸನ್ನಿನಲ್ಲಿ. 2023ರ ಡಿಸೆಂಬರಿನಲ್ಲಿ ಅಮ್ಮ ಅಲ್ಲಿದ್ದರು, ನಾನೂ ಮೂರು ವಾರಕ್ಕೆ ಹೋಗಿದ್ದೆ. ಮರ ನೋಡಲು ಹೋಗೋಣ ಅಂದಾಗ ಅಮ್ಮನ ಮೊದಲ ಮಾತು, "ಅದು ಅವರ ಹಬ್ಬ ಅಲ್ವೇನೇ, ನಮಗ್ಯಾಕೆ?"

ಈ ಪ್ರಶ್ನೆ ನಿಮಗೂ ಬರಬಹುದು. ಅದಕ್ಕೆ ಉತ್ತರ ಮ್ಯಾಡಿಸನ್ ಸ್ಕ್ವೇರ್ ಪಾರ್ಕಿನಲ್ಲಿದೆ. 1912ರವರೆಗೆ ಕ್ರಿಸ್ಮಸ್ ಮರ ಅಂದರೆ ಉಳ್ಳವರ ಮನೆಯ ಹಜಾರದಲ್ಲಿ ನಿಲ್ಲುವಂಥದ್ದು. ಒಂದೇ ಕೋಣೆಯಲ್ಲಿ ಏಳೆಂಟು ಜನ ಮಲಗುವ ಬಾಡಿಗೆ ಮನೆಯವರು, ಹಡಗಿನಿಂದ ಆಗಷ್ಟೇ ಇಳಿದ ವಲಸಿಗರು ಮರ ಎಲ್ಲಿಂದ ತಂದಾರು, ತಂದರೂ ಎಲ್ಲಿ ಇಟ್ಟಾರು? ಇಂಥವರಿಗಾಗಿ ಬಯಲಲ್ಲೇ ಒಂದು ಮರ ನಿಲ್ಲಿಸೋಣ ಎಂದು ಯೋಚಿಸಿದವರು ಎಮಿಲಿ ಹೆರೆಶಾಫ್ ಎಂಬ ಮಹಿಳೆ. ಅಡಿರಾಂಡ್ಯಾಕ್ ಬೆಟ್ಟಗಳಿಂದ ತಂದ ಸುಮಾರು 60 ಅಡಿಯ ಮರಕ್ಕೆ 1912ರ ಡಿಸೆಂಬರ್ 24ರಂದು ದೀಪ ಹಾಕಿದರು. ಆ ದೇಶದ ಮೊಟ್ಟಮೊದಲ ಸಾರ್ವಜನಿಕ ಕ್ರಿಸ್ಮಸ್ ಮರಗಳಲ್ಲಿ ಅದೂ ಒಂದು. ಅದರ ನೆನಪಿಗೆ ಕಂಬದ ಮೇಲೊಂದು ನಕ್ಷತ್ರ ಈಗಲೂ ಆ ಪಾರ್ಕಿನಲ್ಲಿದೆ. ಅಂದರೆ ಈ ಬಯಲು ಮರಗಳು ಹುಟ್ಟಿದ್ದೇ ಆ ಊರಿನಲ್ಲಿ ತಮ್ಮದೆನ್ನುವ ಮನೆಯಿಲ್ಲದವರಿಗಾಗಿ. ಆರು ತಿಂಗಳ ವೀಸಾದಲ್ಲಿ ಬಂದ ಅಮ್ಮಂದಿರು ಇನ್ಯಾರು ಮತ್ತೆ? ನಾನು ಹೀಗೆ ಹೇಳಿದ ಮೇಲೆ ಅಮ್ಮ ಸ್ವೆಟರ್ ಹುಡುಕಲು ಎದ್ದರು.

ಈಗ ಎಲ್ಲರೂ ಹೆಸರು ಕೇಳಿರುವ ರಾಕ್‌ಫೆಲರ್ ಸೆಂಟರ್ ಮರದ ವಿಷಯ. ಇದನ್ನು ಶುರು ಮಾಡಿದವರು ಸಾಹುಕಾರರಲ್ಲ, ಕಟ್ಟಡ ಕಟ್ಟುತ್ತಿದ್ದ ಕೂಲಿಗಳು! 1931, ಅಮೆರಿಕದಲ್ಲಿ ಕೆಲಸ ಸಿಕ್ಕರೆ ಪುಣ್ಯ ಎನ್ನುವಂಥ ಕಾಲ. ಆ ಕೆಲಸಗಾರರು ತಮ್ಮಲ್ಲೇ ಚಂದಾ ಎತ್ತಿ 20 ಅಡಿಯ ಮರವೊಂದನ್ನು ತಂದು ಮಣ್ಣುಗುಡ್ಡೆಯ ಮಧ್ಯೆ ನೆಟ್ಟರು. ಮನೆಯವರು ಕೈಯಲ್ಲೇ ಮಾಡಿಕೊಟ್ಟ ಕಾಗದದ ಮಾಲೆ, ಕ್ರ್ಯಾನ್‌ಬೆರಿ ಹಣ್ಣು ಪೋಣಿಸಿದ ಸರ, ತಗಡಿನ ಡಬ್ಬಿ, ಇಷ್ಟೇ ಅಲಂಕಾರ. 1933ರಿಂದ ಅದು ಸಂಸ್ಥೆಯ ಹಬ್ಬವಾಯಿತು. ಈಗಿನ ಮರದಲ್ಲಿ 50 ಸಾವಿರ ದೀಪ, ತುದಿಯಲ್ಲಿ 30 ಲಕ್ಷ ಹರಳುಗಳ ನಕ್ಷತ್ರ. ಅದರ ತೂಕವೇ ಸುಮಾರು 400 ಕಿಲೋ! ಫೋಟೋದಲ್ಲಿ ಇದೆಲ್ಲ ಗೊತ್ತಾಗುವುದಿಲ್ಲ. ಕತ್ತು ಎತ್ತಿ ನಿಂತಾಗ ಗೊತ್ತಾಗುತ್ತದೆ.

ಸಾಮಾನ್ಯವಾಗಿ ಈ ಮರ ಯಾರದೋ ಮನೆಯ ಅಂಗಳದಲ್ಲಿ ಬೆಳೆದದ್ದು. ಮನೆಯವರು ದುಡ್ಡು ತೆಗೆದುಕೊಳ್ಳದೆ ಕೊಡುತ್ತಾರೆ. 2024ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ವೆಸ್ಟ್ ಸ್ಟಾಕ್‌ಬ್ರಿಜ್‌ನಿಂದ 74 ಅಡಿಯ ಮರ ಬಂದಿತ್ತು. "ಅಷ್ಟು ವರ್ಷದ ಮರ ಕಡಿದುಬಿಟ್ರಾ?" ಎಂದು ಹೊಟ್ಟೆ ಚುರುಕ್ ಅನ್ನುತ್ತದೆ ಅಲ್ಲವೇ? ಅಮ್ಮನೂ ಇದನ್ನೇ ಕೇಳಿದರು. 2007ರಿಂದ ಹಬ್ಬ ಮುಗಿದ ಮೇಲೆ ಆ ಮರವನ್ನು ಕೊಯ್ಯಿಸಿ, ಬಡವರಿಗೆ ಮನೆ ಕಟ್ಟುವ ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ ಸಂಸ್ಥೆಗೆ ಕೊಡುತ್ತಿದ್ದಾರೆ. ಅಷ್ಟರಮಟ್ಟಿಗೆ ಸಮಾಧಾನ.

ಯಾವಾಗ ಹೋಗಬೇಕು ಅನ್ನುವುದು ಬಹಳ ಮುಖ್ಯ. ದೀಪ ಹಾಕುವ ಸಮಾರಂಭ ಇರುವುದು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೇ ವಾರದ ಬುಧವಾರ. ಅವತ್ತು ಬೇಡವೇ ಬೇಡ. ಶನಿವಾರ, ಭಾನುವಾರದ ಸಂಜೆಯೂ ಬೇಡ. ಅವೆನ್ಯೂ ರಸ್ತೆ ಅಂದರೆ ಕಡಲೆಕಾಯಿ ಪರಿಷೆಯ ಬಸವನಗುಡಿ ಅಂದುಕೊಳ್ಳಿ, ಪೊಲೀಸರ ತಡೆಬೇಲಿಯ ಮಧ್ಯೆ ಇರುವೆಯ ಹಾಗೆ ಸರಿಯಬೇಕು. ಹೊಸ ವರ್ಷದ ಹಿಂದಿನ ದಿನವೂ ಬೇಡ. ಡಿಸೆಂಬರಿನ ಮೊದಲೆರಡು ವಾರದ ಸೋಮವಾರ ಅಥವಾ ಮಂಗಳವಾರ ಒಳ್ಳೆಯದು. ಜನವರಿಯ ಮೊದಲ ಕೆಲವು ದಿನವೂ ಮರ ಇರುತ್ತದೆ, ಜನ ಮಾತ್ರ ಕರಗಿರುತ್ತಾರೆ. ದೀಪ ಬೆಳಗಿನ 5ರಿಂದ ನಡುರಾತ್ರಿಯವರೆಗೆ ಉರಿಯುತ್ತದೆ, 25ರಂದು ಇಡೀ ದಿನ. ಇನ್ನೊಂದು ಅನುಕೂಲ ಏನೆಂದರೆ ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ. ದೀಪ ನೋಡಲು ರಾತ್ರಿಯವರೆಗೆ ಕಾಯಬೇಕಿಲ್ಲ. ಐದಕ್ಕೆ ನೋಡಿ, ಎಂಟಕ್ಕೆ ಮನೆಗೆ ಬಂದು ಸಾರು ಅನ್ನ ಉಣ್ಣಬಹುದು.

"ವಾರದ ದಿನ ಅಳಿಯಂದಿರು ಎಲ್ಲಿ ಬರ್ತಾರೆ?" ಅನ್ನಬೇಡಿ. ಅವರು ಬರಲೇಬೇಕೆಂದು ಕಾದರೆ ಫೆಬ್ರವರಿ ಬರುತ್ತದೆ. ನಿಮ್ಮ ಹಾಗೆಯೇ ಬಂದಿರುವ ಇನ್ನೊಬ್ಬ ಅಮ್ಮ ಅದೇ ಬೀದಿಯಲ್ಲಿ ಇದ್ದೇ ಇರುತ್ತಾರೆ, ಜೊತೆ ಮಾಡಿಕೊಳ್ಳಿ. ಎಡಿಸನ್, ಮೆಟ್ರೊಪಾರ್ಕ್ ನಿಲ್ದಾಣಗಳಿಂದ ನ್ಯೂಯಾರ್ಕಿನ ಪೆನ್ ಸ್ಟೇಷನ್‌ಗೆ ನೇರ ರೈಲಿದೆ. ಕೊನೆಯ ನಿಲ್ದಾಣವಾದ್ದರಿಂದ ತಪ್ಪಿ ಮುಂದಕ್ಕೆ ಹೋಗುವ ಭಯವಿಲ್ಲ. ಮಗಳ ವಿಳಾಸ, ಫೋನ್ ನಂಬರು ಚೀಟಿಯಲ್ಲಿ ಬರೆದು ಕೋಟಿನ ಜೇಬಿನಲ್ಲಿಡಿ. ಮೊಬೈಲು ಚಳಿಗೆ ಬೇಗ ಚಾರ್ಜ್ ಕಳೆದುಕೊಳ್ಳುತ್ತದೆ. ಹಾಂ, ಮಗು ತೀರಾ ಎಳೆಯದಾಗಿದ್ದರೆ, ಬಾಣಂತಿಗೆ ಇನ್ನೂ ಸುಧಾರಿಸಿಲ್ಲವಾದರೆ ಈ ಮಾತು ಬೇಡ. ಆಗ ಜನವರಿಯೇ ಸರಿ.

ಎಡಿಸನ್ ಅಂದೆನಲ್ಲ, ಆ ಊರಿಗೆ ಆ ಹೆಸರು ಬಂದದ್ದು ಬಲ್ಬಿನ ಥಾಮಸ್ ಎಡಿಸನ್‌ನಿಂದಲೇ. ಅವನ ಮೆನ್ಲೊ ಪಾರ್ಕ್ ಪ್ರಯೋಗಾಲಯ ಇದ್ದದ್ದು ಅಲ್ಲೇ. ಅವನ ಜೊತೆಗಾರ ಎಡ್ವರ್ಡ್ ಜಾನ್ಸನ್ 1882ರಲ್ಲಿ ನ್ಯೂಯಾರ್ಕಿನ ತನ್ನ ಮನೆಯ ಮರಕ್ಕೆ ಕೆಂಪು, ಬಿಳಿ, ನೀಲಿಯ 80 ಪುಟ್ಟ ಬಲ್ಬು ಹಾಕಿದ. ಅದಕ್ಕೂ ಮುಂಚೆ ಒಣಗಿದ ಕೊಂಬೆಗಳ ಮೇಲೆ ಮೇಣದಬತ್ತಿ ಹಚ್ಚುತ್ತಿದ್ದರಂತೆ, ಪಕ್ಕದಲ್ಲಿ ಒಂದು ಬಕೆಟ್ ನೀರು ಬೇರೆ! ನಮ್ಮ ಗಣೇಶನ ಮಂಟಪದ ಸೀರಿಯಲ್ ಸೆಟ್ಟಿನ ಮುತ್ತಜ್ಜ ಎಡಿಸನ್ನಿನ ಅಂಗಳದವನೇ ಅನ್ನಿ.

ನನ್ನನ್ನು ಕೇಳಿದರೆ, ಇಡೀ ದಿನದಲ್ಲಿ ಬಿಡಲೇಬಾರದ ಮರ ರಾಕ್‌ಫೆಲರ್‌ನದಲ್ಲ, ಮೆಟ್ರೊಪಾಲಿಟನ್ ಮ್ಯೂಸಿಯಂನ ಒಳಗಿನದು. ಗೊಂಬೆ ಕೂರಿಸುವ ಮನೆಯವರಾದರೆ ಖಂಡಿತ ಇದಕ್ಕೇ ಮೊದಲು ಹೋಗಿ. ಹಜಾರದ ನಡುವೆ ಎತ್ತರದ ಮರ, ಕೊಂಬೆಕೊಂಬೆಗೂ ರೇಷ್ಮೆ ನಿಲುವಂಗಿ ಹಾರಿಸುತ್ತಾ ಇಳಿಯುವ ದೇವತೆಯರ ಗೊಂಬೆಗಳು. ಕೆಳಗೆ ಸುತ್ತಲೂ ಒಂದು ಊರಿಗೆ ಊರೇ ಇದೆ! ನಡುವೆ ಕೂಸು ಯೇಸು, ತಾಯಿ, ತಂದೆ. ಪಕ್ಕದಲ್ಲಿ ಕುರಿ ಕಾಯುವವರು, ಒಂಟೆಗಳ ಜೊತೆ ಮೆರವಣಿಗೆ ಬರುವ ಮೂವರು ರಾಜರು, ಊರಿನ ಗಂಡಸರು, ಹೆಂಗಸರು, ನೀರಿನ ಕಾರಂಜಿ. ಎಲ್ಲವೂ ಇಟಲಿಯ ನೇಪಲ್ಸ್ ನಗರದಲ್ಲಿ 18ನೇ ಶತಮಾನದಲ್ಲಿ ಮಾಡಿದ್ದು. ತಲೆ ಸುಟ್ಟ ಮಣ್ಣಿನದು, ಕೈಕಾಲು ಮರದ್ದು, ಮೈ ಮಾತ್ರ ತಂತಿಗೆ ನಾರು ಸುತ್ತಿದ್ದು. ಹಾಗಾಗಿ ಬೇಕಾದ ಹಾಗೆ ಬಗ್ಗಿಸಿ ನಿಲ್ಲಿಸಬಹುದು. ನಮ್ಮ ಚನ್ನಪಟ್ಟಣದ ಗೊಂಬೆಗೆ ಆ ಸೌಲಭ್ಯ ಇಲ್ಲ ನೋಡಿ.

ಅಮ್ಮ ಅಲ್ಲಿಂದ ಕದಲಲೇ ಇಲ್ಲ. ಪಟ್ಟದ ಗೊಂಬೆ ಯಾವುದು, ಶೆಟ್ಟರ ಅಂಗಡಿ ಯಾವುದು, ನಾವು ರಾಗಿ ಪೈರು ಬೆಳೆಸಿ ಪಾರ್ಕು ಮಾಡುತ್ತೇವಲ್ಲ ಆ ಜಾಗ ಯಾವುದು ಎಂದು ಒಂದೊಂದನ್ನೂ ಗುರುತಿಸುತ್ತಾ ಹೋದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. "ಇಷ್ಟನ್ನು ವರ್ಷಾ ವರ್ಷಾ ಯಾರು ಒರೆಸಿ, ಸುತ್ತಿ ಎತ್ತಿಡ್ತಾರೆ?" ಗೊಂಬೆ ಕೂರಿಸಿದವರಿಗಷ್ಟೇ ಹೊಳೆಯುವ ಪ್ರಶ್ನೆ ಇದು! ಉತ್ತರವೂ ಅಷ್ಟೇ ಚೆನ್ನಾಗಿದೆ. ಈ ಗೊಂಬೆಗಳನ್ನು ಸಂಗ್ರಹಿಸಿದವರು ಲೊರೆಟ್ಟಾ ಹೈನ್ಸ್ ಹೋವರ್ಡ್. 1957ರಲ್ಲಿ ಮ್ಯೂಸಿಯಂನಲ್ಲಿ ಮೊದಲ ಬಾರಿಗೆ ಜೋಡಿಸಿದರು, 1964ರಿಂದ ದಾನವಾಗಿ ಕೊಡುತ್ತಾ ಬಂದರು, 200ಕ್ಕೂ ಹೆಚ್ಚು ಗೊಂಬೆಗಳು. ಅವರ ನಂತರ ಜೋಡಿಸುವ ಹೊಣೆ ಹೊತ್ತವರು ಮಗಳು ಲಿನ್ ಹೋವರ್ಡ್. ನಮ್ಮಲ್ಲಿ ಅಜ್ಜಿಯ ಗೊಂಬೆ ಪೆಟ್ಟಿಗೆ ಅಮ್ಮನಿಗೆ, ಅಮ್ಮನಿಂದ ನಮಗೆ ಬರುವ ಹಾಗೆಯೇ ಅಲ್ಲವೇ?

ಈ ಮ್ಯೂಸಿಯಂಗೆ ಮಾತ್ರ ಟಿಕೆಟ್ ಉಂಟು. ದೊಡ್ಡವರಿಗೆ 30 ಡಾಲರ್, 65 ದಾಟಿದವರಿಗೆ 22, ಹನ್ನೆರಡರ ಒಳಗಿನ ಮಕ್ಕಳಿಗೆ ಇಲ್ಲ. ನ್ಯೂಯಾರ್ಕ್ ರಾಜ್ಯದಲ್ಲೇ ಮನೆಯಿದ್ದು ಅದಕ್ಕೆ ಪುರಾವೆ ತೋರಿಸಿದವರು ಎಷ್ಟು ಬೇಕಾದರೂ ಕೊಡಬಹುದು. ರೂಪಾಯಿಗೆ ಗುಣಿಸಿದರೆ ಎದೆ ಧಸಕ್ ಅನ್ನುತ್ತದೆ ನಿಜ, ಅವತ್ತೊಂದು ದಿನ ಗುಣಿಸಬೇಡಿ. ಬುಧವಾರ ರಜೆ, ಡಿಸೆಂಬರ್ 25ಕ್ಕೂ ರಜೆ. ಮಂಡಿನೋವಿನವರಿಗೆ ಅಲ್ಲಿ ಗಾಲಿಕುರ್ಚಿ ಪುಕ್ಕಟೆ ಕೊಡುತ್ತಾರೆ, ಸಂಕೋಚ ಬಿಟ್ಟು ಕೇಳಿ. ಸಮಯ, ಶಕ್ತಿ ಎರಡೂ ಇದ್ದವರು ಸೆಂಟ್ರಲ್ ಪಾರ್ಕಿನ ಆಚೆ ಬದಿಯ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಕಾಗದ ಮಡಚಿ ಮಾಡಿದ ಪ್ರಾಣಿ, ಪಕ್ಷಿ, ಹುಳುಗಳನ್ನೇ ತೂಗುಹಾಕಿದ ಒರಿಗಾಮಿ ಮರ ನೋಡಬಹುದು. ಮೊಮ್ಮಕ್ಕಳು ಜೊತೆಗಿದ್ದರೆ ಅವರಿಗೆ ಇದೇ ಹೆಚ್ಚು ಇಷ್ಟ.

ದಾರಿ ಹೀಗೆ ಇಟ್ಟುಕೊಂಡರೆ ಕಾಲಿಗೆ ಸುಖ. ಬೆಳಿಗ್ಗೆ ಪೆನ್ ಸ್ಟೇಷನ್ನಿನಿಂದ ಟ್ಯಾಕ್ಸಿಯಲ್ಲಿ ಮೆಟ್ರೊಪಾಲಿಟನ್ ಮ್ಯೂಸಿಯಂಗೆ. ಮಧ್ಯಾಹ್ನ ಮೂರೂವರೆಗೆ ಹೊರಬಂದರೆ ಎದುರಿನ ಫಿಫ್ತ್ ಅವೆನ್ಯೂ ಮೇಲೆ ಕೆಳಮುಖವಾಗಿ ಹೋಗುವ ಸಿಟಿ ಬಸ್ಸು ಸಿಗುತ್ತದೆ, ರಾಕ್‌ಫೆಲರ್ ಹತ್ತಿರ ಇಳಿಯಿರಿ. ಸಬ್‌ವೇಗಿಂತ ಬಸ್ಸೇ ವಾಸಿ, ಮೆಟ್ಟಿಲ ಕಾಟವಿಲ್ಲ, ಕಿಟಕಿಯಿಂದ ಊರೂ ಕಾಣುತ್ತದೆ. ಕತ್ತಲಾಗುತ್ತಿದ್ದಂತೆ ದೊಡ್ಡ ಮರ. ಅಲ್ಲಿಂದ ಹತ್ತು ನಿಮಿಷ ನಡೆದರೆ ಬ್ರಯಂಟ್ ಪಾರ್ಕ್, ಅಲ್ಲೊಂದು ಮರ, ಪಕ್ಕದಲ್ಲೇ ಮಂಜುಗಡ್ಡೆಯ ಮೇಲೆ ಜಾರುವ ಮಕ್ಕಳು. ಮತ್ತು ಹೆಂಗಸರು ಮುಖ್ಯವಾಗಿ ನೆನಪಿಡಬೇಕಾದ್ದು, ಅಲ್ಲಿನ ಶೌಚಾಲಯ. ಪುಕ್ಕಟೆ, ಶುಚಿ, ಒಳಗೆ ಹೂದಾನಿಯಲ್ಲಿ ತಾಜಾ ಹೂವು! ಆ ಊರಿನಲ್ಲಿ ಸಾರ್ವಜನಿಕ ಶೌಚಾಲಯ ಸಿಗುವುದೇ ಕಷ್ಟ, ಇದೇ ಭಯಕ್ಕೆ ಎಷ್ಟೋ ಅಮ್ಮಂದಿರು ಬೆಳಗಿನಿಂದ ನೀರೇ ಕುಡಿಯುವುದಿಲ್ಲ. ಮ್ಯೂಸಿಯಂನಲ್ಲೊಮ್ಮೆ, ಇಲ್ಲೊಮ್ಮೆ ಹೋದರೆ ಆಯ್ತು, ಧಾರಾಳವಾಗಿ ನೀರು ಕುಡಿಯಿರಿ. ಅಲ್ಲಿಂದ ಪೆನ್ ಸ್ಟೇಷನ್ ಮತ್ತೆ ಹದಿನೈದು, ಇಪ್ಪತ್ತು ನಿಮಿಷದ ನಡಿಗೆ.

ಸೀರೆಯೇ ಉಡುತ್ತೇನೆ ಅನ್ನುವವರು ಲಂಗದೊಳಗೆ ಥರ್ಮಲ್ ಲೆಗಿಂಗ್ಸ್ ಹಾಕಿ, ಸೀರೆಯನ್ನು ಗೇಣಿನಷ್ಟು ಮೇಲಕ್ಕೆ ಉಡಿ. ಕರಗಿದ ಹಿಮದ ರಾಡಿ ಅಂಚಿಗೆ ಹತ್ತಿದರೆ ಹೋಗುವುದಿಲ್ಲ. ಚಪ್ಪಲಿಗೆ ಕಾಲುಚೀಲ ಹಾಕಿ ಹೊರಡಬೇಡಿ, ಮಗಳ ಬೂಟೇ ಹಾಕಿಕೊಳ್ಳಿ. ಕಿವಿ ಮುಚ್ಚಿರಲಿ. ಊಟಕ್ಕೆ ಚಪಾತಿ ಸುರುಳಿ, ಫ್ಲಾಸ್ಕಿನಲ್ಲಿ ಕಾಫಿ ಸಾಕು, ಆದರೆ ಮ್ಯೂಸಿಯಂನ ಹಜಾರಗಳಲ್ಲಿ ಡಬ್ಬಿ ಬಿಚ್ಚುವಂತಿಲ್ಲ. ಮ್ಯಾಡಿಸನ್ ಸ್ಕ್ವೇರ್ ಪಾರ್ಕ್ ಇನ್ನೂ ಕೆಳಗಿದೆ, ಅದನ್ನು ಬೇರೆ ದಿನಕ್ಕಿಟ್ಟು ಮಧ್ಯಾಹ್ನದ ಹೊತ್ತು ಹೋಗಿ. ಹತ್ತಿರದ ಲೆಕ್ಸಿಂಗ್ಟನ್ ಅವೆನ್ಯೂನಲ್ಲಿ ದೋಸೆ, ಇಡ್ಲಿಯ ಹೋಟೆಲುಗಳಿವೆ. ಬೀದಿಯ ಗಾಡಿಗಳಲ್ಲಿ ಬಿಸಿಬಿಸಿ ಹುರಿದ ಚೆಸ್ಟ್‌ನಟ್ ಮಾರುತ್ತಾರೆ, ಒಂದು ಪೊಟ್ಟಣ ತಿಂದು ನೋಡಿ. ಕೆಂಡದಲ್ಲಿ ಸುಟ್ಟ ಹಲಸಿನ ಬೀಜದ್ದೇ ರುಚಿ.

ಜನವರಿ ಬರುತ್ತಿದ್ದಂತೆ ಆ ಊರಿನ ಫುಟ್‌ಪಾತುಗಳ ಮೇಲೆ ಮನೆಮನೆಯ ಮರಗಳು ಬಿದ್ದಿರುತ್ತವೆ, ಆಯುಧಪೂಜೆಯ ಮಾರನೇ ದಿನ ನಮ್ಮ ಬೀದಿಗಳಲ್ಲಿ ಬಾಳೆಕಂಬ ಬಿದ್ದಿರುವ ಹಾಗೆ. ಆದರೆ ಅಲ್ಲಿ ನಗರದವರೇ ಮಲ್ಚ್‌ಫೆಸ್ಟ್ ಎಂದು ಮಾಡಿ, ಪಾರ್ಕುಗಳಿಗೆ ಜನ ತಂದುಹಾಕುವ ಮರಗಳನ್ನು ಯಂತ್ರಕ್ಕೆ ಕೊಟ್ಟು ಪುಡಿ ಮಾಡಿ, ಗಿಡಗಳ ಬುಡಕ್ಕೆ ಹಾಕುತ್ತಾರೆ. ಕೇಳಿದವರಿಗೆ ಆ ಪುಡಿಯ ಚೀಲವೂ ಪುಕ್ಕಟೆ. ಇದನ್ನು ಕೇಳಿದ ಅಮ್ಮ ಅಕ್ಕನಿಗೆ ಅವತ್ತಿನಿಂದ ಒಂದೇ ವರಾತ, ಆ ಪುಡಿ ಒಂದು ಚೀಲ ತರಿಸು, ನಿನ್ನ ಕರಿಬೇವಿನ ಕುಂಡ ಸೊರಗಿದೆ ಎಂದು.